ದೇವರು ಕರೆದ ಮೇಲೆ, ಹೊರಡುವ ಮುನ್ನ

ಸಂಕ್ರಾಂತಿ ಮುಗಿದು ಸುಗ್ಗಿಯ ಕೆಲಸ ಒಂದು ಹಂತಕ್ಕೆ ಬರುವ ಹೊತ್ತಿಗೆ ದಾವಣಗೆರೆ ಜಿಲ್ಲೆಯ ಹಳ್ಳಿಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಈ ಸಲ ದೇವ್ರು ಕರೀತಾ ಐತೆ, ಹೋಗಲೇಬೇಕು." ಒಬ್ಬರಿಗೆ ಬೆಳಗಿನ ಜಾವದ ಕನಸಿನಲ್ಲಿ ಗುಡಿಯ ಗೋಪುರ ಕಂಡಿರುತ್ತದೆ. ಇನ್ನೊಬ್ಬರಿಗೆ ದನದ ಕೊಟ್ಟಿಗೆಯಲ್ಲಿ ಕಸ ಬಳಿಯುತ್ತಿರುವಾಗ ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಆಗಿರುತ್ತದೆ. ಮತ್ತೊಬ್ಬರಿಗೆ ಕನಸೂ ಇಲ್ಲ, ಕೂಗೂ ಇಲ್ಲ. ಹೋಗಬೇಕು ಎಂಬ ಒಂದೇ ಯೋಚನೆ ಕೂತಲ್ಲಿ ನಿಂತಲ್ಲಿ ಬಿಡುವುದಿಲ್ಲ.

ಮಾತು ಹೊರಬಿದ್ದ ಕೂಡಲೇ ಮನೆಯಲ್ಲಿ ಸಣ್ಣ ಗದ್ದಲ. ಮಗನಿಗೆ ಆತಂಕ: ಅಮ್ಮನಿಗೆ ಮಂಡಿನೋವು, ಮೇಲೆ ಸಕ್ಕರೆ ಕಾಯಿಲೆ. ಸೊಸೆಗೆ ಲೆಕ್ಕ: ಬೀಜ ಗೊಬ್ಬರದ ಸಾಲ ಇನ್ನೂ ತೀರಿಲ್ಲ. ಮೊಮ್ಮಗಳಿಗೆ ಕುತೂಹಲ: "ಅಜ್ಜೀ, ದೇವ್ರು ಕನ್ನಡದಲ್ಲೇ ಮಾತಾಡ್ತಾ?"

ಪುಟಾಣಿಗಳೇ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿರಬಹುದು. ಅಜ್ಜ ಅಜ್ಜಿಯರೇ, ನೀವೇ ಆ ಮಾತು ಆಡಿದವರೂ ಆಗಿರಬಹುದು. ಕರೆ ಬಂದರೆ ಕೂಡಲೇ ಹೊರಟುಬಿಡಬೇಕೇ? ಅದು ದೇವರ ಕರೆಯೋ, ನಮ್ಮದೇ ಆಸೆಯೋ ಗೊತ್ತಾಗುವುದು ಹೇಗೆ? ನ್ಯಾಮತಿ, ಚನ್ನಗಿರಿ, ಜಗಳೂರು, ಹೊನ್ನಾಳಿ ಸೀಮೆಯ ಹಿರಿಯರು ಈ ಪ್ರಶ್ನೆಗೆ ಬಹಳ ಹಿಂದೆಯೇ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಅದನ್ನು ನೋಡೋಣ ಬನ್ನಿ.

ಮೊದಲು "ಒಲ್ಲೆ" ಎಂದ ಸಂತ

ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪ ಎಂಬ ಊರಿದೆ. ನ್ಯಾಮತಿ ಈಗ ತಾಲ್ಲೂಕು ಕೇಂದ್ರ. ಮೊದಲು ಇದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಬಂಜಾರ ಜನ, ಅಂದರೆ ನಾವು ಲಂಬಾಣಿಗರು ಎಂದು ಕರೆಯುವವರು, ಈ ಊರನ್ನು ಭಾಯಾಗಡ ಎನ್ನುತ್ತಾರೆ. ಅವರ ಮಾತಿನಲ್ಲಿ ಭಾಯಾ ಅಂದರೆ ಅಣ್ಣ. ಆ ಅಣ್ಣನೇ ಸಂತ ಸೇವಾಲಾಲ್. 1739ರ ಫೆಬ್ರವರಿ 15ರಂದು ಅವರು ಇಲ್ಲಿ ಹುಟ್ಟಿದರು ಎಂದು ನಂಬಿ, ಪ್ರತಿ ವರ್ಷ ಫೆಬ್ರವರಿ ನಡುವಿನಲ್ಲಿ ಜಾತ್ರೆ ನಡೆಸುತ್ತಾರೆ. ಕರ್ನಾಟಕದ ಮೂಲೆಮೂಲೆಯಿಂದ, ನೆರೆಯ ರಾಜ್ಯಗಳಿಂದಲೂ ಜನ ಬರುತ್ತಾರೆ. ಎಷ್ಟೋ ಜನ ಮಾಲೆ ಧರಿಸಿ, ವ್ರತ ಹಿಡಿದು, ನಡೆದೇ ಬರುತ್ತಾರೆ. ಅವರ ಕೈಯಲ್ಲಿ ಬಿಳಿಯ ಬಾವುಟ ಇರುತ್ತದೆ.

ಊರಲ್ಲಿ ಸೇವಾಲಾಲರ ಗುಡಿಯೂ ಇದೆ, ಮರಿಯಮ್ಮನ ಗುಡಿಯೂ ಇದೆ. ಇವರಿಬ್ಬರ ನಡುವಿನ ಕಥೆಯನ್ನು ತಾಂಡಾಗಳಲ್ಲಿ ಹಾಡಿ ಹೇಳುತ್ತಾರೆ. ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರೂ ಕಥೆಯ ತಿರುಳು ಒಂದೇ.

ಸೇವಾಲಾಲ್ ದನ ಕಾಯುವ ಹುಡುಗ. ತಂದೆ ಭೀಮಾ ನಾಯಕ್, ತಾಯಿ ಧರ್ಮಿಣಿ. ಗೆಳೆಯರಿಗೆ ಹಸಿವಾದಾಗ ಮಣ್ಣನ್ನೇ ಸಿಹಿಯಾದ ಸಿರಾ ಮಾಡಿ ಬಡಿಸಿದನಂತೆ ಎಂದು ಅಜ್ಜಿಯರು ಹೇಳುತ್ತಾರೆ. ಈ ಹುಡುಗನ ಮೇಲೆ ಮರಿಯಮ್ಮ ದೇವಿಯ ಕಣ್ಣು ಬಿತ್ತು. "ನಿನ್ನ ಮಗನನ್ನು ನನ್ನ ಭಕ್ತನಾಗಿ ಕೊಡು" ಎಂದು ಭೀಮಾ ನಾಯಕರನ್ನು ಕೇಳಿದಳು. ದೇವಿಯೇ ಬಂದು ಕರೆದಿದ್ದಾಳೆ! ಬೇರೆ ಯಾರಾಗಿದ್ದರೂ ಕಾಲಿಗೆ ಬಿದ್ದು ಹಿಂದೆ ಹೋಗಿಬಿಡುತ್ತಿದ್ದರು. ಸೇವಾಲಾಲ್ ಮಾತ್ರ ಒಪ್ಪಲಿಲ್ಲ. "ನಿನಗೆ ಕುರಿ ಕೋಣ ಬಲಿ ಕೊಡುತ್ತಾರೆ. ನಾನು ಪ್ರಾಣಿ ಕೊಲ್ಲುವವನಲ್ಲ. ನಿನ್ನ ಭಕ್ತ ಹೇಗಾಗಲಿ?" ಎಂದ.

ದೇವಿಗೆ ಸಿಟ್ಟು ಬಂತು. ತಾಂಡಾಕ್ಕೆ ಕಷ್ಟದ ಮೇಲೆ ಕಷ್ಟ ಬಂತು. ಹಿರಿಯರು ಕೂತು ಮಾತಾಡಿದರು. ಆಗಲೂ ಸೇವಾಲಾಲ್ ಮೂಕಪ್ರಾಣಿಯ ತಲೆ ಕೊಡಲು ಒಪ್ಪದೆ, ಬೇಕಾದರೆ ನನ್ನ ತಲೆಯನ್ನೇ ತಗೋ ಎಂದು ಮುಂದೆ ಬಂದ. ಕೊನೆಗೆ ದೇವಿಯೇ ಮನಸೋತಳು. ಅವನಿಗೆ ಜೀವ ಕೊಟ್ಟು, ಸಿಹಿಯ ಎಡೆಗೆ ಒಪ್ಪಿ, ಅವನನ್ನು ತನ್ನವನನ್ನಾಗಿ ಮಾಡಿಕೊಂಡಳು.

ಇವತ್ತಿಗೂ ಸೇವಾಲಾಲರಿಗೆ ಬೆಲ್ಲ ತುಪ್ಪದ ಸಿಹಿಯನ್ನು ಕೆಂಡಕ್ಕೆ ಅರ್ಪಿಸುತ್ತಾರೆ. ಅದಕ್ಕೆ ಭೋಗ್ ಎಂದು ಹೆಸರು. ಕರೆ ಬಂದದ್ದು ನಿಜವೇ ಆದರೂ, ಅದು ನನ್ನಿಂದ ಏನು ಕೇಳುತ್ತಿದೆ ಎಂದು ವಿಚಾರಿಸಿ, ತಪ್ಪೆನಿಸಿದ್ದನ್ನು ತಪ್ಪು ಎಂದು ಹೇಳಿದ ಮೇಲೇ ಅವರು ಹೆಜ್ಜೆ ಇಟ್ಟರು. ಇಂಥವರ ಊರಿಗೆ ಯಾತ್ರೆ ಹೊರಡುವವರು ತಮ್ಮೊಳಗಿನ ಕರೆಯನ್ನೂ ಒಮ್ಮೆ ವಿಚಾರಿಸಿ ನೋಡುವುದು ಸರಿಯೇ ತಾನೆ?

ನಡೆಯುವ ಜನ, ನಿಂತ ತಾಂಡಾ

ಬಂಜಾರರಿಗೆ ನಡಿಗೆ ಹೊಸದಲ್ಲ. ಲಾರಿ, ರೈಲು ಇಲ್ಲದ ಕಾಲದಲ್ಲಿ ಉಪ್ಪು, ಅಕ್ಕಿ, ಧಾನ್ಯವನ್ನು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ದೇಶದ ಉದ್ದಗಲಕ್ಕೂ ಸಾಗಿಸುತ್ತಿದ್ದವರು ಇವರೇ. 17ನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ವಜ್ರದ ವ್ಯಾಪಾರಿ ತವೆರ್ನಿಯೆ, ಒಂದೊಂದು ಗುಂಪಿನಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳು ಸಾಗುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ದಾರಿಯಲ್ಲಿ ಬೀಡುಬಿಟ್ಟ ಜಾಗವೇ ತಾಂಡಾ. ರೈಲು ಬಂದ ಮೇಲೆ ಎತ್ತಿನ ಹೇರಿಗೆ ಕೆಲಸವಿಲ್ಲದಾಯಿತು. ತಾಂಡಾಗಳು ಒಂದೊಂದು ಕಡೆ ನೆಲೆ ನಿಂತವು.

ಹಾಗೆಂದು ಅಲೆದಾಟ ಪೂರ್ತಿ ನಿಂತಿಲ್ಲ. ಜಗಳೂರಿನಂಥ ಮಳೆ ಕಡಿಮೆಯ ಸೀಮೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರು, ಕೊಡಗಿನ ಕಡೆ ಕಾಫಿ ಹಣ್ಣು ಬಿಡಿಸಲು ಹೋಗುತ್ತವೆ. ಸೇವಾಲಾಲ್ ಜಾತ್ರೆ ಬರುವುದು ಇಂಥ ಕೆಲಸದ ದಿನಗಳಲ್ಲೇ. ಯಾತ್ರೆಗೆ ಬಂದರೆ ಅಷ್ಟು ದಿನದ ಕೂಲಿ ಹೋಯಿತು. ಬರದಿದ್ದರೆ ವರ್ಷಕ್ಕೊಮ್ಮೆ ಅಣ್ಣ ತಮ್ಮಂದಿರ, ಬೀಗರ ಮುಖ ನೋಡುವ ಅವಕಾಶವೂ ಹೋಯಿತು. ಆದ್ದರಿಂದ ಅಲ್ಲಿ ಕರೆಯ ಮಾತು ಒಬ್ಬರ ಮನಸ್ಸಿನಲ್ಲೇ ಮುಗಿಯುವುದಿಲ್ಲ. ತಾಂಡಾದ ಮುಖ್ಯ ವಿಷಯಗಳನ್ನು ನಾಯಕ್, ಡಾವ್, ಕಾರಭಾರಿ ಎಂಬ ಹಿರಿಯರು ಕೂತು ಮಾತಾಡುವುದು ಹಳೆಯ ರೂಢಿ. ಮನೆಯಲ್ಲೂ ಹಾಗೆಯೇ: ಯಾರು ಹೋಗಬೇಕು, ಯಾರು ದನಕರು ನೋಡಿಕೊಳ್ಳಬೇಕು, ಶಾಲೆಗೆ ಹೋಗುವ ಮಕ್ಕಳನ್ನು ಯಾರ ಹತ್ತಿರ ಬಿಡಬೇಕು ಎಲ್ಲವೂ ತೀರ್ಮಾನವಾಗಬೇಕು.

ಅಕ್ಕನನ್ನೂ ಕೇಳಿದರು

ನ್ಯಾಮತಿಯ ಪಕ್ಕದ ತಾಲ್ಲೂಕು ಶಿಕಾರಿಪುರ. ಅಲ್ಲಿನ ಉಡುತಡಿ ಅಕ್ಕಮಹಾದೇವಿಯ ಊರು. 12ನೇ ಶತಮಾನದಲ್ಲಿ ಈ ಹೆಣ್ಣುಮಗಳು ಶ್ರೀಶೈಲದ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದು ನಂಬಿ, ಅರಮನೆಯನ್ನು ಬಿಟ್ಟು ಒಬ್ಬಳೇ ಹೊರಟಳು. ಕನ್ನಡ ನಾಡಿನಲ್ಲಿ ದೇವರ ಕರೆಗೆ ಓಗೊಟ್ಟು ನಡೆದವರಲ್ಲಿ ಇವಳಿಗಿಂತ ದೊಡ್ಡ ಹೆಸರು ಸಿಗುವುದು ಕಷ್ಟ.

ಆದರೆ ಅಕ್ಕ ನೇರ ಶ್ರೀಶೈಲಕ್ಕೆ ಹೋಗಲಿಲ್ಲ. ಮೊದಲು ಕಲ್ಯಾಣಕ್ಕೆ ಹೋದಳು. ಅಲ್ಲಿ ಶರಣರ ನಡುವೆ ಕೂತಿದ್ದ ಅಲ್ಲಮಪ್ರಭು ಅವಳನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಒಂದರ ಮೇಲೊಂದು ಕಠಿಣ ಪ್ರಶ್ನೆ ಕೇಳಿದ. ನಿನ್ನ ವೈರಾಗ್ಯ ಮೈಯ ಮೇಲಿನದೋ ಮನಸ್ಸಿನದೋ ಎಂದು ಒರೆಗೆ ಹಚ್ಚಿದ. 'ಶೂನ್ಯಸಂಪಾದನೆ'ಯಲ್ಲಿ ಈ ಮಾತುಕತೆ ಬಹಳ ಪ್ರಸಿದ್ಧ. ಸ್ವಾರಸ್ಯವೆಂದರೆ, ಅಲ್ಲಮನೂ ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು. ಒಂದೇ ಸೀಮೆಯ ಇಬ್ಬರು ದೂರದ ಕಲ್ಯಾಣದಲ್ಲಿ ಎದುರು ಬದುರು ನಿಂತರು. ಅಕ್ಕ ಬೇಸರಿಸಿಕೊಳ್ಳದೆ ಎಲ್ಲಕ್ಕೂ ಉತ್ತರ ಕೊಟ್ಟಳು. ಶರಣರು ತಲೆದೂಗಿದರು. ಆಮೇಲೆ ಅವಳು ಶ್ರೀಶೈಲದ ಕದಳಿಯತ್ತ ನಡೆದಳು.

ಮನೆಯವರು "ಯಾಕೆ ಹೋಗ್ತೀಯ? ಹೇಗೆ ಹೋಗ್ತೀಯ?" ಎಂದು ಕೇಳಿದರೆ ಅಜ್ಜ ಅಜ್ಜಿಯರು ನೊಂದುಕೊಳ್ಳಬೇಕಿಲ್ಲ. ಅಕ್ಕನಿಗೇ ತಪ್ಪದ ಪ್ರಶ್ನೆ ಅದು. ಕೇಳುವವರೂ ಅಷ್ಟೇ: ಅಲ್ಲಮ ಕೇಳಿದ್ದು ತಡೆಯಲೆಂದಲ್ಲ, ತಿಳಿಯಲೆಂದು.

ಚನ್ನಗಿರಿಯ ಹಾಜಿಗಳ ಲೆಕ್ಕ

ಚನ್ನಗಿರಿಯಲ್ಲಿ ಹಜ್ ಯಾತ್ರೆಗೆ ಹೊರಡುವ ಮುಸ್ಲಿಂ ಮನೆಗಳಲ್ಲಿ "ಬುಲಾವಾ" ಎಂಬ ಮಾತಿದೆ. ಬುಲಾವಾ ಅಂದರೆ ಕರೆ. ಅಲ್ಲಿಂದ ಕರೆ ಬರದೆ ಯಾರೂ ಮೆಕ್ಕಾ ತಲುಪುವುದಿಲ್ಲ ಎಂಬುದು ನಂಬಿಕೆ. ಹಜ್ ಯಾತ್ರಿಕರು ದಾರಿಯುದ್ದಕ್ಕೂ ಹೇಳುವ "ಲಬ್ಬೈಕ್" ಎಂಬ ಮಾತಿನ ಅರ್ಥವೂ ಅದೇ: ಕರೆದೆಯಲ್ಲ, ಇಗೋ ಬಂದೆ.

ಆದರೆ ಈ ಕರೆಗೆ ಬಿಗಿಯಾದ ಲೆಕ್ಕವಿದೆ. ಹಜ್ ಕಡ್ಡಾಯವಾಗುವುದು ಮೈಯಲ್ಲಿ ಶಕ್ತಿ, ಕೈಯಲ್ಲಿ ಹಣ ಎರಡೂ ಇದ್ದವರಿಗೆ ಮಾತ್ರ. ಹೊರಡುವವರು ಸಾಲ ತೀರಿಸಬೇಕು. ಹಿಂದಿರುಗುವವರೆಗೆ ಮನೆಯವರ ಊಟಕ್ಕೆ, ಖರ್ಚಿಗೆ ಏರ್ಪಾಡು ಮಾಡಬೇಕು. ನೆರೆಹೊರೆಯವರ, ನೆಂಟರ ಬಳಿ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕು. ಹಜ್ ಸಮಿತಿಯ ಮೂಲಕ ಹೋಗುವವರು ಅರ್ಜಿ ಹಾಕಬೇಕು. ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಹೆಸರು ಬರದಿದ್ದರೆ "ಇನ್ನೂ ಬುಲಾವಾ ಆಗಿಲ್ಲ" ಎಂದು ಸಮಾಧಾನ ಮಾಡಿಕೊಂಡು ಮುಂದಿನ ವರ್ಷಕ್ಕೆ ಕಾಯುತ್ತಾರೆ.

ದೇವರು ಬೇರೆ, ದಾರಿ ಬೇರೆ. ಆದರೆ ಸಾಲ ಉಳಿಸಿ, ಜಗಳ ಉಳಿಸಿ, ಮನೆಯವರನ್ನು ಉಪವಾಸ ಕೆಡವಿ ಹೋಗಬೇಡ ಎಂಬ ಮಾತು ತಾಂಡಾದಲ್ಲೂ ಮೊಹಲ್ಲಾದಲ್ಲೂ ಒಂದೇ.

ಮುಡಿಪು ಎಂಬ ಉಪಾಯ

ನಮ್ಮ ಹಳ್ಳಿಮನೆಗಳಲ್ಲಿ ಇದೇ ಲೆಕ್ಕಕ್ಕೆ ಒಂದು ಜಾಣ ಉಪಾಯವಿತ್ತು. ಅದೇ ಮುಡಿಪು. ಪುಟಾಣಿಗಳೇ, ದೇವರ ಕೋಣೆಯ ಗೂಡಿನಲ್ಲಿ ಅರಿಶಿನ ಹಚ್ಚಿದ ಬಟ್ಟೆಯ ಸಣ್ಣ ಗಂಟು ನೋಡಿದ್ದೀರಾ? ಯಾತ್ರೆಯ ಯೋಚನೆ ಬಂದ ದಿನ ಆ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟುತ್ತಾರೆ. ಹಾಲು ಮಾರಿದ ದಿನ ಐದು ರೂಪಾಯಿ, ಫಸಲು ಬಂದಾಗ ನೂರು, ಮಗ ಊರಿಂದ ಬಂದಾಗ ಇನ್ನಷ್ಟು ಹಾಕುತ್ತಾರೆ. ಆ ಹಣವನ್ನು ಬೇರೆ ಯಾವ ಖರ್ಚಿಗೂ ಮುಟ್ಟುವಂತಿಲ್ಲ.

ಗಂಟು ತುಂಬಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳೇ ಬೇಕು. ಬಂದ ಯೋಚನೆ ಬರೀ ಗಳಿಗೆಯ ಆಸೆಯಾಗಿದ್ದರೆ ಅಷ್ಟರಲ್ಲಿ ತಣ್ಣಗಾಗುತ್ತದೆ. ನಿಜವಾದ ಕರೆಯಾಗಿದ್ದರೆ ಗಂಟಿನ ಜೊತೆಗೆ ಅದೂ ಬೆಳೆಯುತ್ತದೆ. ಮುಡಿಪು ದಾರಿಖರ್ಚೂ ಹೌದು, ಮನಸ್ಸನ್ನು ತೂಗುವ ತಕ್ಕಡಿಯೂ ಹೌದು.

ಇನ್ನು ಕೆಲವರು ಮನೆದೇವರ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳುತ್ತಾರೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ ಆಯಿತು ಎಂದರ್ಥ. ಹೂ ಬೀಳುವವರೆಗೆ ಕೈಮುಗಿದು ಕೂರಬೇಕು. ಆ ಹೊತ್ತಿನಲ್ಲಿ ನಾನು ಯಾಕೆ ಹೊರಟಿದ್ದೇನೆ ಎಂಬ ಪ್ರಶ್ನೆ ತಾನಾಗಿಯೇ ಎದ್ದು ಬರುತ್ತದೆ. ನೆರೆಮನೆಯವರು ಹೋದರೆಂದು ಹೊರಟೆನೋ? ಸೊಸೆಯ ಮೇಲಿನ ಸಿಟ್ಟಿಗೆ ಹೊರಟೆನೋ? ಇಲ್ಲಾ ನಿಜವಾಗಿಯೂ ದೇವರನ್ನು ನೋಡುವ ಆಸೆಯೋ?

ಕನಸಿನ ಮಾತೂ ಹೀಗೆಯೇ. ಹಗಲೆಲ್ಲ ಮನಸ್ಸಿನಲ್ಲಿ ತುಂಬಿಕೊಂಡದ್ದು ರಾತ್ರಿ ಕನಸಾಗಿ ಬರುವುದುಂಟು. ಜಾತ್ರೆಯ ಕಾಲದಲ್ಲಿ ಬೀದಿಯಲ್ಲಿ ಭಜನೆ ಕೇಳಿ ಮಲಗಿದವರಿಗೆ ಗುಡಿ ಕನಸಿಗೆ ಬಂದರೆ ಆಶ್ಚರ್ಯವಿಲ್ಲ. ಆ ಕನಸನ್ನು ನಗೆಯಾಡುವುದೂ ಬೇಡ, ಅವತ್ತೇ ಚೀಲ ಕಟ್ಟುವುದೂ ಬೇಡ. ಒಂದು ನಾಣ್ಯ ಕಟ್ಟಿಟ್ಟು ಕಾದು ನೋಡಿದರಾಯಿತು.

ಜಗಳೂರಿನ ದಾರಿಯಲ್ಲಿ

ಕಾಲು ಗಟ್ಟಿ ಇದೆ, ಮನೆಯವರ ಒಪ್ಪಿಗೆ ಇದೆ, ಮುಡಿಪೂ ತುಂಬಿದೆ ಎಂದಮೇಲೆ ನಡಿಗೆ. ದಾವಣಗೆರೆ, ಜಗಳೂರಿನ ಕಡೆಯವರು ಮಾಘ ಮಾಸದಲ್ಲಿ ನಡೆಯುವ ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ಪಾದಯಾತ್ರೆ ಹೋಗುವುದು ದೊಡ್ಡ ಸಂಪ್ರದಾಯ. ಕೊಟ್ಟೂರು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆ ದಿನಗಳಲ್ಲಿ ರಸ್ತೆಬದಿಯ ಊರಿನವರು ಪೆಂಡಾಲು ಹಾಕಿ ಮಜ್ಜಿಗೆ, ನೀರು, ಹಣ್ಣು, ಊಟ ಕೊಡುತ್ತಾರೆ. ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ತಾವು ನಡೆಯಲಾಗದವರು ನಡೆಯುವವರ ಕಾಲಿಗೆ ಎಣ್ಣೆ ಹಚ್ಚಿ ಸೇವೆ ಮಾಡುವುದೂ ಉಂಟು.

ಮೊದಲ ಸಲ ಹೊರಡುವವರಿಗೆ ಹಳೆಯ ಪಾದಯಾತ್ರಿಗಳ ಕಿವಿಮಾತು ಕೆಲವಿವೆ. ಹೊರಡುವ ಮೂರು ವಾರ ಮೊದಲೇ ದಿನಾ ಸ್ವಲ್ಪ ಸ್ವಲ್ಪ ನಡೆದು ಕಾಲು ಪಳಗಿಸಿಕೊಳ್ಳಿ. ಬೆಳಗಿನ ತಂಪಿನಲ್ಲಿ, ಸಂಜೆಯಲ್ಲಿ ನಡೆಯಿರಿ. ನಡುಹಗಲು ನೆರಳಿನಲ್ಲಿ ಕೂರಿ. ರಸ್ತೆಯ ಬಲಬದಿಯಲ್ಲಿ ನಡೆದರೆ ಎದುರು ಬರುವ ವಾಹನ ಕಣ್ಣಿಗೆ ಬೀಳುತ್ತದೆ. ಕತ್ತಲಲ್ಲಿ ನಡೆಯಬೇಕಾದರೆ ಬ್ಯಾಟರಿ ಇರಲಿ, ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಿನ ಹರಕೆ ಹೊರಬೇಡಿ. ಅವರ ಪಾದದ ಗಾಯ ನೋವು ಕೊಡದೆ ಬೆಳೆಯುತ್ತದೆ, ಬೇಗ ಮಾಯುವುದಿಲ್ಲ. ಮಾತ್ರೆ ಚೀಟಿ, ಮಗನ ಫೋನ್ ನಂಬರ್ ಬರೆದ ಕಾಗದ ಎರಡೂ ಜೇಬಿನಲ್ಲಿರಲಿ.

ವ್ರತದ ದಿನಗಳ ಇನ್ನೊಂದು ಲಾಭವನ್ನು ಮನೆಯ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಮಾಲೆ ಹಾಕಿದವರು ಕುಡಿತ ಬಿಡುತ್ತಾರೆ, ಬೈಗುಳ ಬಿಡುತ್ತಾರೆ, ಬೇಗ ಏಳುತ್ತಾರೆ. ಕುಡಿಯಬೇಡಿ ಎಂದು ಸೇವಾಲಾಲರು ಹೇಳಿದ್ದನ್ನು ತಾಂಡಾದ ತಾಯಂದಿರು ಮತ್ತೆ ಮತ್ತೆ ನೆನಪಿಸುತ್ತಾರೆ. ಯಾತ್ರೆ ಮುಗಿಸಿ ಮಾಲೆ ತೆಗೆದ ಮೇಲೂ ಅದು ಉಳಿದರೆ, ಬಂದ ಕರೆ ನಿಜವಾಗಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಹೋಗಲಾಗದವರಿಗೆ ಹೊನ್ನಾಳಿ

ಕರೆ ನಿಜ, ಕಾಲು ಬಾರದು. ಆಗೇನು ಮಾಡುವುದು? ಮನೆಯಲ್ಲಿ ಹೆಚ್ಚು ಕಣ್ಣೀರು ಬರುವುದು ಇಲ್ಲೇ. "ನನ್ನ ಜನ್ಮದಲ್ಲಿ ಇನ್ನು ಆಗಲ್ಲ ಬಿಡು" ಎಂದು ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾಳೆ.

ಇದಕ್ಕೆ ಉತ್ತರ ಹೊನ್ನಾಳಿಯಲ್ಲಿದೆ. ಅಲ್ಲಿ ತುಂಗಭದ್ರೆಯ ದಡದಲ್ಲಿ ರಾಘವೇಂದ್ರ ಸ್ವಾಮಿಗಳ ಮಠವಿದೆ. ರಾಯರು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದರು. ಅಲ್ಲಿಗೆ ಹೋಗಲಾಗದ ಭಕ್ತರಿಗಾಗಿ ಮೂಲ ಬೃಂದಾವನದ ಪವಿತ್ರ ಮಣ್ಣನ್ನು, ಅಂದರೆ ಮೃತ್ತಿಕೆಯನ್ನು ತಂದು ಬೇರೆ ಊರುಗಳಲ್ಲಿ ಬೃಂದಾವನ ಕಟ್ಟುವ ಪದ್ಧತಿ ಬೆಳೆಯಿತು. ಅಂಥವು ಮೃತ್ತಿಕಾ ಬೃಂದಾವನಗಳು. ಹೊನ್ನಾಳಿಯನ್ನು ಭಕ್ತರು ಎರಡನೆಯ ಮಂತ್ರಾಲಯ ಎಂದೇ ಕರೆಯುತ್ತಾರೆ. ಮಂತ್ರಾಲಯ ಇರುವುದೂ ತುಂಗಭದ್ರೆಯ ದಡದಲ್ಲೇ! ಭೂಪಟ ತೆಗೆದು ಬೆರಳಿಟ್ಟು ನೋಡಿ, ಮಕ್ಕಳೇ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ಹೊನ್ನಾಳಿಗೆ ಬಂದ ನೀರೇ ಹರಿಹರ, ಹಂಪಿಗಳ ಪಕ್ಕ ಹರಿದು ಮುಂದೆ ಮಂತ್ರಾಲಯ ಮುಟ್ಟುತ್ತದೆ. ಹೊನ್ನಾಳಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತ ಅಜ್ಜಿ ಮುಟ್ಟಿದ ನೀರು ಅವಳಿಗಿಂತ ಮೊದಲು ಯಾತ್ರೆ ಹೊರಟಿರುತ್ತದೆ.

ತಾಂಡಾಗಳಲ್ಲೂ ಅಷ್ಟೇ. ಸೂರಗೊಂಡನಕೊಪ್ಪಕ್ಕೆ ಹೋಗಲಾಗದವರು ಫೆಬ್ರವರಿ 15ರಂದು ತಮ್ಮ ತಾಂಡಾದಲ್ಲೇ ಬಿಳಿ ಬಾವುಟದ ಕೆಳಗೆ ಭೋಗ್ ಅರ್ಪಿಸಿ ಕೈಮುಗಿಯುತ್ತಾರೆ. ಉಳಿದ ಊರುಗಳಲ್ಲಿ ಅಜ್ಜಿಯ ಮುಡಿಪನ್ನು ಮೊಮ್ಮಗನೋ, ನೆರೆಮನೆಯವರೋ ಒಯ್ದು ಹುಂಡಿಗೆ ಹಾಕಿ ಪ್ರಸಾದ ತಂದುಕೊಡುತ್ತಾರೆ. ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡು, ಚೂರು ಚೂರು ಮಾಡಿ ಕೇರಿಗೆಲ್ಲ ಹಂಚುತ್ತಾಳೆ. ಒಂದು ಮುಡಿಪಿನಲ್ಲಿ ಹೋದವರಿಗೂ ಕಳಿಸಿದವರಿಗೂ ಯಾತ್ರೆ ಆಯಿತು.

ಮಕ್ಕಳಿಗೆ ಒಂದು ಕೆಲಸ

ಈ ವಾರ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ: ನಿಮಗೆ ಯಾವ ಗುಡಿಗೆ, ದರ್ಗಾಕ್ಕೆ, ಮಠಕ್ಕೆ, ಜಾತ್ರೆಗೆ ಹೋಗುವ ಆಸೆ ಇದೆ? ಆ ಆಸೆ ಯಾವಾಗಿನಿಂದ? ಹಿಂದೆ ನಡೆದು ಹೋಗಿದ್ದರೆ ಯಾವ ಯಾವ ಊರು ದಾಟಿದಿರಿ, ರಾತ್ರಿ ಎಲ್ಲಿ ಮಲಗಿದಿರಿ, ದಾರಿಯಲ್ಲಿ ಊಟ ಕೊಟ್ಟವರು ಯಾರು? ಅವರು ಹೇಳಿದ ಊರುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳಿ. ಬಸ್ಸಿನ ಬೋರ್ಡಿನಲ್ಲಿ ಕಾಣದ ಎಷ್ಟೋ ಹಳ್ಳಿಗಳು ಆ ಪಟ್ಟಿಯಲ್ಲಿ ಸಿಗುತ್ತವೆ.

ಹೋಗಬೇಕೆಂಬ ಆಸೆ ಇನ್ನೂ ಇದೆ ಎಂದರೆ, ಅಮ್ಮನನ್ನು ಕೇಳಿ ಒಂದು ಸಣ್ಣ ಬಟ್ಟೆಗೆ ಅರಿಶಿನ ಹಚ್ಚಿ ಒಣಗಿಸಿ. ನಿಮ್ಮ ಉಳಿತಾಯದ ಡಬ್ಬಿಯಿಂದ ಒಂದು ರೂಪಾಯಿ ತೆಗೆದು ಅದರಲ್ಲಿ ಕಟ್ಟಿ, ಅಜ್ಜಿಯ ಕೈಗೆ ಕೊಡಿ. ಗಂಟು ತುಂಬಲು ಎಷ್ಟು ದಿನ ಬೇಕಾದರೂ ಆಗಲಿ. ತುಂಬಿದ ದಿನ ಅಜ್ಜಿ ಹೋಗುತ್ತಾಳೋ, ನಿಮ್ಮನ್ನೇ ಕಳಿಸುತ್ತಾಳೋ, ಇಬ್ಬರೂ ಕೈ ಹಿಡಿದುಕೊಂಡು ಹೊರಡುತ್ತೀರೋ ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿ.